ಎಡಗಾಲಿಗೆ ಮಾತ್ರ ಲಾಳ

ಹೋದ ಡಿಸೆಂಬರ್‌ನ ಒಂದು ಶನಿವಾರ ಹಳೇ ಬೂಟೊಂದನ್ನು ಪ್ಲಾಸ್ಟಿಕ್ ಕವರಿಗೆ ಹಾಕಿಕೊಂಡು ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋದೆ. ಒಂದೇ ಬೂಟು, ಎಡಗಾಲಿನದು. ಮುಖ್ಯ ರಸ್ತೆಯಲ್ಲಿ ಸೀಟ್ ಕವರ್, ಹಾರ್ನ್, ಎಲ್‌ಇಡಿ ಲೈಟ್ ಅಂಗಡಿಗಳು. ಒಳಗಿನ ಅಡ್ಡರಸ್ತೆಗೆ ತಿರುಗಿದರೆ ಲೇತ್, ವೆಲ್ಡಿಂಗ್, ರೇಡಿಯೇಟರ್ ರಿಪೇರಿ. ಅಲ್ಲೊಬ್ಬರು ವೆಲ್ಡಿಂಗ್ ಮೇಸ್ತ್ರಿ ಇದ್ದಾರೆ. ನನ್ನ ಬೈಕಿನ ಸೈಲೆನ್ಸರ್ ತೂತನ್ನು ಎರಡು ಸಲ ಮುಚ್ಚಿಕೊಟ್ಟವರು, ಅರವತ್ತು ದಾಟಿರಬೇಕು. ಬೂಟು ಅವರ ಕೈಗೆ ಕೊಟ್ಟು, ಇದರ ಅಡಿಗೆ ಕಬ್ಬಿಣದ ಪಟ್ಟಿ ಬಗ್ಗಿಸಿ ಕೂರಿಸಬೇಕು, ಮುಂದೆ ಬೆರಳಿನ ಮೇಲೆ ಬಟ್ಟಲಿನ ಹಾಗೆ ಬರಬೇಕು, ಹಿಂದೆ ಬೆಲ್ಟ್ ಕಟ್ಟೋಕೆ ಕೊಂಡಿ ಬೇಕು ಅಂದೆ. ಅವರು ಬೂಟನ್ನು ತಿರುಗಿಸಿ ಮುರುಗಿಸಿ ನೋಡಿದರು.

"ಇನ್ನೊಂದೆಲ್ಲಿ ಸಾರ್?"

"ಇನ್ನೊಂದಕ್ಕೆ ಬೇಡ."

ಮೆಲ್ಲಗೆ ನನ್ನ ಬಲಗಾಲು ನೋಡಿದರು. "ಏನಾಯ್ತು ಸಾರ್ ಅದಕ್ಕೆ?" ಅಂತ ಕೇಳುವಾಗ ದನಿಯಲ್ಲಿ ನಿಜವಾಗಲೂ ಕನಿಕರ ಇತ್ತು.

ಏನೂ ಆಗಿಲ್ಲ, ಮಣ್ಣಿನ ಬೈಕ್ ರೇಸಿಗೆ ಅಂತ ಹೇಳಿದೆ. ನಂಬಲಿಲ್ಲ. ಪಕ್ಕದ ಲೇತ್ ಅಂಗಡಿಯವರನ್ನು ಕರೆದರು, ಅವರು ಬಂದು ನೋಡಿ, "ಓ, ಎತ್ತಿಗೆ ಲಾಳ ಕಟ್ಟಿಸಿದ ಹಾಗೆ" ಅಂದು ಒಂದೇ ಮಾತಲ್ಲಿ ಮುಗಿಸಿದರು. ಆರುನೂರು ರೂಪಾಯಿಗೆ ಮಾತಾಯಿತು.

ಮನೆಯಲ್ಲೂ, ಆಫೀಸಿನಲ್ಲೂ ಇದೇ ಪ್ರಶ್ನೆ. ಎಡಗಾಲಿಗೆ ಯಾಕೆ? ಅದಕ್ಕೇ ಒಂದು ಸಲ ಕೂತು ಎಲ್ಲಾ ಬರೆದುಬಿಡೋಣ ಅಂತ ಈ ಪೋಸ್ಟ್. ಸ್ವಲ್ಪ ಉದ್ದ ಆಗುತ್ತೆ, ಕಾಫಿ ಇಟ್ಟುಕೊಳ್ಳಿ.

ಡರ್ಟ್ ಟ್ರ್ಯಾಕ್ ಅಂದರೆ ಬೈಕ್ ರೇಸಿಗೆ ಮಣ್ಣಿನ ಮೇಲೆ ಮೊಟ್ಟೆ ಆಕಾರದ, ಅಂದರೆ ಓವಲ್ ಆದ ಒಂದು ದಾರಿ. ಎರಡು ನೇರ, ಎರಡು ತಿರುವು. ಎರಡೂ ತಿರುವು ಎಡಕ್ಕೇ. ಅಷ್ಟೇ, ಬೇರೇನೂ ಇಲ್ಲ. ಹಾರೋದಿಲ್ಲ, ಗುಡ್ಡ ಹತ್ತೋದಿಲ್ಲ, ಸುಮ್ನೆ ಎಡಕ್ಕೆ ಸುತ್ತುತ್ತಲೇ ಇರಬೇಕು. ಅಮೆರಿಕದಲ್ಲಿ ಇದನ್ನು ಫ್ಲ್ಯಾಟ್ ಟ್ರ್ಯಾಕ್ ಅಂತಲೂ ಕರೆಯುತ್ತಾರೆ. ತಿರುವಿಗೆ ಬಂದಾಗ ಹಿಂದಿನ ಚಕ್ರ ಹಿಡಿತ ಬಿಟ್ಟು ಹೊರಗೆ ಜಾರುತ್ತದೆ, ಸವಾರ ಹ್ಯಾಂಡಲನ್ನು ಬಲಕ್ಕೆ ತಿರುಗಿಸಿರುತ್ತಾನೆ, ಗಾಡಿ ಮಾತ್ರ ಎಡಕ್ಕೆ ಹೋಗುತ್ತಿರುತ್ತದೆ, ಎಡಗಾಲು ಕೆಳಗಿಳಿದು ನೆಲದ ಮೇಲೆ ಸವರಿಕೊಂಡು ಹೋಗುತ್ತದೆ. ರಬ್ಬರ್ ಅಡಿಯ ಬೂಟು ನೆಲಕ್ಕೆ ಕಚ್ಚಿಕೊಂಡರೆ ಮಂಡಿ ತಿರುಚಿ ಹೋಗುತ್ತೆ. ಕಬ್ಬಿಣ ಆದರೆ ಜಾರುತ್ತದೆ. ಅದಕ್ಕೇ ಎಡಗಾಲಿಗೆ ಲಾಳ. ಕ್ಯಾಲಿಫೋರ್ನಿಯಾದಲ್ಲಿ ಕೆನ್ ಮೇಲಿ ಅನ್ನೋರು ಈ ಲಾಳ ಮಾಡಿಕೊಟ್ಟೇ ಹೆಸರುವಾಸಿಯಾದರು. ಹಳೇ ಕಾರಿನ ಬಂಪರ್ ಕತ್ತರಿಸಿ ಮಾಡುತ್ತಿದ್ದ ಕಾಲವೂ ಇತ್ತು. ಈ ವಿಷಯ ಜೆ.ಸಿ. ರಸ್ತೆಯ ಮೇಸ್ತ್ರಿಗೆ ಹೇಳಿದ್ದಕ್ಕೆ, "ಅಂಬಾಸಿಡರ್ ಬಂಪರ್ ಇದ್ರೆ ಹೇಳಿ ಸಾರ್, ಈಗಿನದೆಲ್ಲ ಪ್ಲಾಸ್ಟಿಕ್" ಅಂದರು.

ಮುಂದಿನ ಬ್ರೇಕ್ ಇರೋದಿಲ್ಲ. ಕಿತ್ತುಹೋಗಿದೆ ಅಂತಲ್ಲ, ನಿಯಮವೇ ಹಾಗೆ. 1960ರ ದಶಕದ ಕೊನೆಯವರೆಗೂ ಅಮೆರಿಕದ ಓವಲ್ ರೇಸುಗಳಲ್ಲಿ ಹಿಂದಿನ ಬ್ರೇಕೂ ಇರಲಿಲ್ಲ. ನೇರದಲ್ಲಿ ಗಂಟೆಗೆ 200 ಕಿಲೋಮೀಟರ್ ಮುಟ್ಟಿದ ಗಾಡಿಯ ವೇಗ ಇಳಿಸಬೇಕು ಅಂದರೆ ಅದನ್ನು ಅಡ್ಡಡ್ಡ ಮಾಡಬೇಕು, ಹಿಂದಿನ ಟೈರು ಮಣ್ಣನ್ನು ಉಜ್ಜಿಕೊಂಡು ಹೋಗಬೇಕು. ಜಾರೋದೇ ಬ್ರೇಕು. ಈ ಒಂದು ವಿಷಯ ತಲೆಗೆ ಹೋದ ದಿನ ನಾನು ಈ ಆಟಕ್ಕೆ ಬಿದ್ದೆ. ಬಿದ್ದೆ ಅನ್ನೋ ಮಾತು ಮುಂದೆ ಇನ್ನೊಂದು ಅರ್ಥದಲ್ಲೂ ಬರುತ್ತೆ.

ಇದು ಶುರುವಾದ ಬಗೆ ನಮ್ಮ ಕಡೆಯವರಿಗೆ ಚೆನ್ನಾಗಿ ಅರ್ಥ ಆಗುತ್ತೆ. ಅಮೆರಿಕದ ಊರುಗಳಲ್ಲಿ ವರ್ಷಕ್ಕೊಮ್ಮೆ ಜಾತ್ರೆ ನಡೆಯುತ್ತದೆ, ದನ, ಹಂದಿ, ಕುಂಬಳಕಾಯಿ ಪ್ರದರ್ಶನ ಎಲ್ಲಾ ಇರುವ ಥರದ್ದು. ಆ ಜಾತ್ರೆ ಮೈದಾನದಲ್ಲಿ ಕುದುರೆ ಓಟಕ್ಕೆ ಅಂತ ಒಂದು ಮೈಲಿ ಅಥವಾ ಅರ್ಧ ಮೈಲಿಯ ಮಣ್ಣಿನ ಸುತ್ತು ಮೊದಲೇ ಇತ್ತು. ಸುತ್ತ ಗ್ಯಾಲರಿ, ಬೇಲಿ, ಟಿಕೆಟ್ ಕೌಂಟರ್, ತಿಂಡಿ ಅಂಗಡಿ. 1900ರ ನಂತರ ಮೋಟಾರ್‌ಸೈಕಲ್ ಬಂದಾಗ ಯಾರೂ ಹೊಸ ಟ್ರ್ಯಾಕ್ ಕಟ್ಟಬೇಕಾಗಿರಲಿಲ್ಲ. ಕುದುರೆ ಇಳಿಸಿ ಬೈಕ್ ಹತ್ತಿಸಿದರೆ ಸಾಕಿತ್ತು. ಇಲಿನಾಯ್ ರಾಜ್ಯದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಇವತ್ತಿಗೂ ಜಾತ್ರೆ ಮೈದಾನದ ಮೈಲಿಯಲ್ಲೇ ರೇಸ್ ನಡೆಯುತ್ತದೆ. ನಮ್ಮ ಮಂಡ್ಯ ಕಡೆ ಹಬ್ಬದಲ್ಲಿ ಎತ್ತಿನ ಗಾಡಿ ಓಟ ನೋಡಿದವರಿಗೆ ಆ ಗದ್ದಲ, ಆ ಧೂಳು, ಬೇಲಿ ಹಾರಿ ಒಳಗೆ ನುಗ್ಗೋ ಹುಡುಗರು, ಮೈಕಿನಲ್ಲಿ ಕಿರುಚೋ ಮನುಷ್ಯ, ಯಾವುದನ್ನೂ ವಿವರಿಸಬೇಕಾಗಿಲ್ಲ.

ನಡುವೆ ಒಂದು ಹುಚ್ಚಿನ ಕಾಲವೂ ಬಂತು. 1910ರ ಸುಮಾರಿಗೆ ಮರದ ಹಲಗೆ ಜೋಡಿಸಿ, ತಿರುವುಗಳನ್ನು ಗೋಡೆಯ ಹಾಗೆ ಎಬ್ಬಿಸಿ, ದೊಡ್ಡ ಬಾಣಲೆಯಂಥ ಟ್ರ್ಯಾಕ್‌ಗಳನ್ನು ಕಟ್ಟಿದರು. ಬ್ರೇಕಿಲ್ಲದ ಬೈಕುಗಳು, ಎಣ್ಣೆ ಚೆಲ್ಲಿದ ಹಲಗೆ, ಮೇಲಿನ ಅಂಚಿನಲ್ಲೇ ಬಗ್ಗಿ ನೋಡುವ ಜನ. 1912ರ ಸೆಪ್ಟೆಂಬರ್‌ನಲ್ಲಿ ನ್ಯೂಜೆರ್ಸಿಯ ನ್ಯೂವಾರ್ಕ್‌ನಲ್ಲಿ ಎಡ್ಡಿ ಹಾಶಾ ಅನ್ನೋ ಸವಾರನ ಗಾಡಿ ಆ ಅಂಚಿಗೆ ನುಗ್ಗಿತು. ಅವನೂ ಸತ್ತ, ಇನ್ನೊಬ್ಬ ಸವಾರನೂ ಸತ್ತ, ನೋಡಲು ಬಂದವರೂ ಸತ್ತರು. ಪೇಪರುಗಳು ಅಂಥ ಟ್ರ್ಯಾಕ್‌ಗಳನ್ನು ಕೊಲೆಗಡುಕ ಬಾಣಲೆ ಅಂತಲೇ ಕರೆದವು. ಹಲಗೆ ಕೊಳೆತು, ಜನ ಬೇಸತ್ತು, ಆ ಆಟ 1920ರ ದಶಕ ಮುಗಿಯುವಷ್ಟರಲ್ಲಿ ಹೆಚ್ಚುಕಮ್ಮಿ ನಿಂತೇಹೋಯಿತು. ಪೂರ್ತಿ ಹೋಗಲಿಲ್ಲ ಅನ್ನಿ. ನಮ್ಮ ಜಾತ್ರೆಗಳಲ್ಲಿ ಹಲಗೆ ಬಾವಿಯೊಳಗೆ ಯಮಹಾ ಬೈಕು, ಮಾರುತಿ ಕಾರು ಓಡಿಸುತ್ತಾರಲ್ಲ, ಆ ಮರಣ ಬಾವಿ ಇದೇ ಬಾಣಲೆಯ ಮೊಮ್ಮಗ. ನಾನು ಏಳನೇ ಕ್ಲಾಸಿನಲ್ಲಿ ಮೊದಲ ಸಲ ಅದನ್ನು ಮೇಲಿನಿಂದ ಬಗ್ಗಿ ನೋಡಿದಾಗ ಸವಾರ ಕೈಬಿಟ್ಟುಕೊಂಡೇ ಹತ್ತಿರ ಬಂದು ನನ್ನ ಕೈಯಲ್ಲಿದ್ದ ಹತ್ತು ರೂಪಾಯಿ ಕಿತ್ತುಕೊಂಡು ಹೋದ. ಅಪ್ಪ ಕೊಟ್ಟಿದ್ದ ದುಡ್ಡು, ಗೋಬಿ ಮಂಚೂರಿಗೆ ಅಂತ ಇಟ್ಟುಕೊಂಡಿದ್ದೆ. ಒಂಚೂರೂ ಬೇಜಾರಾಗಲಿಲ್ಲ.

ಹಲಗೆ ಹೋದರೂ ಮಣ್ಣು ಉಳಿಯಿತು. ಯಾಕೆಂದರೆ ಮಣ್ಣು ಅಗ್ಗ. 1930ರ ದಶಕದಲ್ಲಿ ಅಮೆರಿಕದಲ್ಲಿ ಭಾರಿ ಆರ್ಥಿಕ ಕುಸಿತ, ಕಂಪನಿಗಳು ರೇಸಿಗೆ ದುಡ್ಡು ಹಾಕೋದು ನಿಲ್ಲಿಸಿದವು. ಆಗ ಅಲ್ಲಿನ ಮೋಟಾರ್‌ಸೈಕಲ್ ಸಂಘ ಸಿ ದರ್ಜೆ ಅಂತ ಹೊಸ ನಿಯಮ ತಂದಿತು. ಅಂಗಡಿಯಲ್ಲಿ ಸಿಗುವಂಥ ಗಾಡಿಯನ್ನೇ ಓಡಿಸಬೇಕು, ವಿಶೇಷ ಕಾರ್ಖಾನೆ ಗಾಡಿ ತರುವ ಹಾಗಿಲ್ಲ. ಇದರಿಂದ ಮೆಕ್ಯಾನಿಕ್‌ಗಳು, ರೈತರ ಮಕ್ಕಳು, ಗ್ಯಾರೇಜ್ ಹುಡುಗರು ಕಣಕ್ಕಿಳಿದರು. ನನಗೆ ಈ ಇಡೀ ಚರಿತ್ರೆಯಲ್ಲಿ ತುಂಬಾ ಇಷ್ಟವಾದ ಘಟ್ಟ ಇದು. ದುಡ್ಡಿಲ್ಲದ ಕಾಲದಲ್ಲಿ ಆಟ ಸಾಯೋ ಬದಲು ಇನ್ನೂ ಬೆಳೆಯಿತು.

ಎರಡನೇ ಮಹಾಯುದ್ಧ ಮುಗಿದ ಮೇಲೆ, 1946ರಿಂದ 1953ರವರೆಗೆ, ಸ್ಪ್ರಿಂಗ್‌ಫೀಲ್ಡ್ ಮೈಲಿ ಗೆದ್ದವನೇ ಆ ವರ್ಷದ ಚಾಂಪಿಯನ್. ಒಂದೇ ರೇಸು, ಅದನ್ನು ಗೆದ್ದರೆ ಇಡೀ ವರ್ಷ ಗಾಡಿಯ ಮೇಲೆ 1 ಅನ್ನೋ ನಂಬರ್ ಪ್ಲೇಟ್. 1954ರಿಂದ ವರ್ಷಪೂರ್ತಿ ಅಂಕ ಲೆಕ್ಕ ಹಾಕುವ ಗ್ರ್ಯಾಂಡ್ ನ್ಯಾಷನಲ್ ಶುರುವಾಯಿತು. ಅದರಲ್ಲಿ ಮೈಲಿ, ಅರ್ಧ ಮೈಲಿ, ಶಾರ್ಟ್ ಟ್ರ್ಯಾಕ್, ಬಲ ತಿರುವು ಮತ್ತು ಜಿಗಿತ ಇರುವ ಟಿಟಿ, ಜೊತೆಗೆ ಡಾಂಬರಿನ ರೋಡ್ ರೇಸು. ಐದೂ ಬಗೆಯಲ್ಲಿ ಗೆದ್ದವರು ನಾಲ್ಕೇ ಜನ: ಡಿಕ್ ಮ್ಯಾನ್, ಕೆನ್ನಿ ರಾಬರ್ಟ್ಸ್, ಬಬ್ಬಾ ಶೋಬರ್ಟ್, ಡಗ್ ಚಾಂಡ್ಲರ್. ಗಾಡಿಗಳ ಪೈಕಿ ರಾಜ ಅಂದರೆ ಹಾರ್ಲೆ-ಡೇವಿಡ್ಸನ್ ಎಕ್ಸ್‌ಆರ್750. 1970ರಲ್ಲಿ ಬಂದಾಗ ಕಬ್ಬಿಣದ ಎಂಜಿನ್, ಕಾದು ಕೆಂಡವಾಗುತ್ತಿತ್ತು. 1972ರಲ್ಲಿ ಅಲ್ಯೂಮಿನಿಯಂ ಎಂಜಿನ್ ಹಾಕಿದರು. ನಡುವೆ ಯಮಹಾ, ಹೋಂಡಾ ಕೆಲವು ವರ್ಷ ಗೆದ್ದದ್ದು ಬಿಟ್ಟರೆ ಆಮೇಲೆ ದಶಕಗಳ ಕಾಲ ಅದರದ್ದೇ ಮೇಲುಗೈ. ಸ್ಕಾಟ್ ಪಾರ್ಕರ್ ಅದರ ಮೇಲೇ ಒಂಬತ್ತು ಸಲ ಚಾಂಪಿಯನ್ ಆದರು.

ಇದೇ ಮರದ ಇನ್ನೊಂದು ಕೊಂಬೆ ಸ್ಪೀಡ್‌ವೇ. ಅದು ಆಸ್ಟ್ರೇಲಿಯಾ ಕಡೆಯದು. 1923ರ ಡಿಸೆಂಬರ್‌ನಲ್ಲಿ ನ್ಯೂ ಸೌತ್ ವೇಲ್ಸ್‌ನ ಮೇಟ್‌ಲ್ಯಾಂಡ್ ಅನ್ನೋ ಊರಿನ ಜಾತ್ರೆಯಲ್ಲಿ ಜಾನಿ ಹಾಸ್ಕಿನ್ಸ್ ಅನ್ನೋರು ನಡೆಸಿದ ರೇಸಿನಿಂದ ಅದು ಹಬ್ಬಿತು ಅಂತ ಹೇಳುತ್ತಾರೆ. ನೋಡಿ, ಮತ್ತೆ ಜಾತ್ರೆ! 1928ರ ಫೆಬ್ರವರಿಯಲ್ಲಿ ಇಂಗ್ಲೆಂಡಿನ ಹೈ ಬೀಚ್‌ನಲ್ಲಿ ನಡೆದಾಗ ಅಂದುಕೊಂಡದ್ದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ ಜನ ಬಂದು ಟ್ರ್ಯಾಕಿನ ಒಳಗೇ ನಿಂತುಬಿಟ್ಟರಂತೆ. 1936ರಲ್ಲಿ ವೆಂಬ್ಲಿಯಲ್ಲಿ ಮೊದಲ ವಿಶ್ವ ಫೈನಲ್, ಗೆದ್ದವರು ಆಸ್ಟ್ರೇಲಿಯಾದ ಲಯನೆಲ್ ವ್ಯಾನ್ ಪ್ರಾಗ್. ಸ್ಪೀಡ್‌ವೇನಲ್ಲಿ ನಾಲ್ಕು ಜನ, ನಾಲ್ಕು ಸುತ್ತು, ಒಂದು ನಿಮಿಷ ಚಿಲ್ಲರೆಯಲ್ಲಿ ಕಥೆ ಮುಗಿಯುತ್ತೆ. 500 ಸಿಸಿ, ಒಂದೇ ಸಿಲಿಂಡರ್, ಓಡುವಾಗ ಬದಲಿಸೋಕೆ ಗೇರ್ ಇಲ್ಲ, ಬ್ರೇಕ್ ಒಂದೂ ಇಲ್ಲ, ಪೆಟ್ರೋಲ್ ಬದಲು ಮೆಥನಾಲ್. ಪೋಲೆಂಡಿನಲ್ಲಿ ಇವತ್ತು ಇದಕ್ಕೆ ನಮ್ಮಲ್ಲಿ ಕ್ರಿಕೆಟ್ಟಿಗೆ ಸೇರುವಂಥ ಜನ ಸೇರುತ್ತಾರೆ.

ಮೆಥನಾಲ್ ಎಂಜಿನ್ನಿಗೆ ಹಿಂದೆ ಹಾಕುತ್ತಿದ್ದ ಎಣ್ಣೆ ಯಾವುದು ಗೊತ್ತಾ? ಹರಳೆಣ್ಣೆ! ಕ್ಯಾಸ್ಟ್ರಾಲ್ ಅನ್ನೋ ಹೆಸರೇ ಅದರ ಇಂಗ್ಲಿಷ್ ಹೆಸರಿನಿಂದ ಬಂದದ್ದು. ಸುಟ್ಟ ಹರಳೆಣ್ಣೆಯ ವಾಸನೆಗೆ ಯುರೋಪಿನ ಹಳೇ ರೇಸ್ ಹುಚ್ಚರು ಇವತ್ತಿಗೂ ಕಣ್ಣು ಮುಚ್ಚಿ ಮೂಗರಳಿಸುತ್ತಾರೆ. ನನಗೆ ಹರಳೆಣ್ಣೆ ಅಂದರೆ ದೀಪಾವಳಿ ಬೆಳಗಿನ ಜಾವ ಅಜ್ಜಿ ನೆತ್ತಿಗೆ ತಟ್ಟಿ, ಕಣ್ಣಿಗೂ ಇಳಿಸಿ, ಸೀಗೆಪುಡಿ ಹಾಕಿ ಉಜ್ಜುತ್ತಿದ್ದ ಚಿತ್ರಹಿಂಸೆ. ಒಂದೇ ಎಣ್ಣೆ, ಎರಡು ನೆನಪು.

ಇನ್ನೊಂದು ವಿಷಯ, ನಮ್ಮ ಚಿಕ್ಕಪ್ಪ ಇದ್ದಿದ್ದರೆ ಕೇಳಿ ಕುಣಿದಾಡುತ್ತಿದ್ದರು. ಅವರ ಹತ್ತಿರ ಮೈಸೂರಿನಲ್ಲಿ ತಯಾರಾದ ಜಾವಾ 250 ಇತ್ತು. 1960ರ ದಶಕದ ಶುರುವಿನಿಂದ 1996ರವರೆಗೆ ಐಡಿಯಲ್ ಜಾವಾ ಕಾರ್ಖಾನೆ ಮೈಸೂರಿನಲ್ಲಿ ನಡೆಯಿತಲ್ಲ, ಮೊದಲು ಜಾವಾ, ಆಮೇಲೆ ಯೆಜ್ಡಿ. ಚಿಕ್ಕಪ್ಪನಿಗೆ ಅದು ಹಾಲು ತರೋಕೆ, ಆಫೀಸಿಗೆ ಹೋಗೋಕೆ, ಚಿಕ್ಕಮ್ಮನನ್ನು ತವರಿಗೆ ಬಿಡೋಕೆ. ಅದೇ ಹೊತ್ತಿನಲ್ಲಿ ಚೆಕೊಸ್ಲೊವಾಕಿಯಾದ ಮೂಲ ಜಾವಾ ಕಂಪನಿ 1964ರಲ್ಲಿ ಈಸೋ ಅನ್ನೋ ಸ್ಪೀಡ್‌ವೇ ಬೈಕ್ ತಯಾರಕರನ್ನು ಸೇರಿಸಿಕೊಂಡು ವರ್ಷಗಟ್ಟಲೆ ಈ ಮಣ್ಣಿನ ರೇಸುಗಳನ್ನು ಆಳಿತು. ಆರು ಸಲ ವಿಶ್ವ ಚಾಂಪಿಯನ್ ಆದ ನ್ಯೂಜಿಲೆಂಡಿನ ಐವಾನ್ ಮಾಗರ್ ಕೂಡ ಜಾವಾ ಓಡಿಸಿದವರೇ. ಟ್ಯಾಂಕಿನ ಮೇಲೆ ಅದೇ ಹೆಸರು. ಒಂದು ವೆಂಬ್ಲಿಯಲ್ಲಿ ಧೂಳೆಬ್ಬಿಸುತ್ತಿತ್ತು, ಇನ್ನೊಂದು ರಾಜಾಜಿನಗರದಲ್ಲಿ ಸೌದೆ ಡಿಪೋ ಮುಂದೆ ಸ್ಟ್ಯಾಂಡ್ ಹಾಕಿ ನಿಂತಿರುತ್ತಿತ್ತು.

ಚಿಕ್ಕಪ್ಪ ಗೆಳೆಯರ ಜೊತೆ ಮದ್ರಾಸ್ ಹತ್ತಿರದ ಶೋಳಾವರಂಗೆ ರೇಸ್ ನೋಡೋಕೆ ಹೋಗುತ್ತಿದ್ದರು. ಯುದ್ಧಕಾಲದ ವಿಮಾನಪಟ್ಟಿ ಅದು. ಅವರು ಹೇಳುತ್ತಿದ್ದ ಕಥೆಗಳಲ್ಲಿ ಅರ್ಧ ರೇಸಿಂದು, ಅರ್ಧ ದಾರಿಯಲ್ಲಿ ತಿಂದ ಬಿರಿಯಾನಿಯದು. ಮಣ್ಣಿನ ರೇಸ್ ಹುಚ್ಚು ನನಗೆ ಹತ್ತಿದ್ದು ಅವರಿಂದ ಅಲ್ಲ, ಆರ್‌ಎಕ್ಸ್100ನಿಂದ.

1985ರಲ್ಲಿ ಬಂದ ಯಮಹಾ ಆರ್‌ಎಕ್ಸ್100 ಬಗ್ಗೆ ಬೆಂಗಳೂರಿನವರಿಗೆ ಹೇಳಬೇಕಾ? 98 ಸಿಸಿ, 11 ಕುದುರೆ ಶಕ್ತಿ, ನಿಲ್ಲಿಸಿದ್ದನ್ನು ನೋಡಿದರೆ ಸಾಧು, ಆಕ್ಸಿಲರೇಟರ್ ತಿರುಗಿಸಿದರೆ ಬೇರೆಯೇ ಪ್ರಾಣಿ. ನಮ್ಮ ಕಾಲೇಜಿನ ದಿನಗಳಲ್ಲಿ ಶಕ್ತಿ ಹೆಚ್ಚಲಿ ಅಂತ ಅದರ ಬ್ಲಾಕಿನ ಕಿಂಡಿಗಳನ್ನು ಕೊರೆಸಿ (ಪೋರ್ಟಿಂಗ್), ಹಿಂದಿನ ಸ್ಪ್ರಾಕೆಟ್ ಬದಲಿಸಿ, ಗುಬಟುಗಳಿರುವ ನಾಬಿ ಟೈರ್ ಹಾಕಿ ಊರಾಚೆಯ ಮಣ್ಣಿನ ರೇಸುಗಳಿಗೆ ಹೋಗುವ ಒಂದು ಗುಂಪೇ ಇತ್ತು. ನಾನು ಪ್ಲಗ್ ಸ್ಪ್ಯಾನರ್ ಹಿಡಿದುಕೊಂಡು ನಿಲ್ಲುವ ಹುಡುಗ.

ಆ ಯಮಹಾದ ದೊಡ್ಡಣ್ಣನ ಕಥೆ ನನಗೆ ಗೊತ್ತಾದದ್ದು ತುಂಬಾ ಆಮೇಲೆ. 1975, ಇಂಡಿಯಾನಾಪೊಲಿಸ್ ಮೈಲಿ. ಕೆನ್ನಿ ರಾಬರ್ಟ್ಸ್ ಹಿಂದಿನ ಎರಡು ವರ್ಷದ ಗ್ರ್ಯಾಂಡ್ ನ್ಯಾಷನಲ್ ಚಾಂಪಿಯನ್, ಆದರೆ ಮೈಲಿಗಳಲ್ಲಿ ಅವರ ಯಮಹಾ ಹಾರ್ಲೆಗಳ ಮುಂದೆ ಉಸಿರು ಕಟ್ಟುತ್ತಿತ್ತು. ಅದಕ್ಕೆ ಅವರ ಕಡೆಯವರು ಮಾಡಿದ ಉಪಾಯ ಎಂಥದ್ದು ಅಂದರೆ, ಡಾಂಬರು ರೇಸಿನ ಟಿಜೆಡ್750, ಅಂದರೆ ನಾಲ್ಕು ಸಿಲಿಂಡರಿನ ಟೂ-ಸ್ಟ್ರೋಕ್ ರಾಕ್ಷಸನ ಎಂಜಿನ್ ಕಿತ್ತು ತಂದು ಮಣ್ಣಿನ ರೇಸಿನ ಚಾಸಿಗೆ ಕೂರಿಸಿದರು. ನೇರದಲ್ಲೂ ಹಿಂದಿನ ಚಕ್ರ ಹಿಡಿತ ಸಿಗದೆ ಸುತ್ತುತ್ತಲೇ ಇರುತ್ತಿತ್ತು. ರಾಬರ್ಟ್ಸ್ ಹಿಂದಿನ ಸಾಲಿನಿಂದ ಶುರು ಮಾಡಿದರು. ಟ್ರ್ಯಾಕಿನ ಹೊರ ಅಂಚಿನಲ್ಲಿ, ಬೇರೆ ಯಾರೂ ಹೋಗದ ಸಡಿಲ ಮಣ್ಣಿನಲ್ಲಿ, ಬೇಲಿಗೆ ಇನ್ನೇನು ತಾಗಬೇಕು ಅನ್ನೋ ಹಾಗೆ ಒಬ್ಬೊಬ್ಬರನ್ನೇ ದಾಟುತ್ತಾ ಬಂದು, ಕೊನೆಯ ಸುತ್ತಿನ ಕೊನೆಯ ನೇರದಲ್ಲಿ ಕಾರ್ಕಿ ಕೀನರ್ ಮತ್ತು ಜೇ ಸ್ಪ್ರಿಂಗ್‌ಸ್ಟೀನ್ ಇಬ್ಬರ ಹಾರ್ಲೆಗಳನ್ನೂ ಗೆರೆಯ ಹತ್ತಿರ ಹಿಂದೆ ಹಾಕಿದರು. ಇಳಿದ ಮೇಲೆ, ಇದನ್ನು ಓಡಿಸೋಕೆ ನನಗೆ ಕೊಡೋ ಸಂಬಳ ಸಾಲದು ಅನ್ನೋ ಅರ್ಥದ ಮಾತಾಡಿದರು. ಆ ಗಾಡಿಯನ್ನು ಆಮೇಲೆ ನಿಷೇಧಿಸಿದರು. ಆ ರೇಸಿನ ಕೊನೆಯ ಸುತ್ತಿನ ಮಸುಕು ವಿಡಿಯೋ ನಾನು ಎಷ್ಟು ಸಲ ನೋಡಿದ್ದೇನೋ ಲೆಕ್ಕ ಇಲ್ಲ, ಪ್ರತಿ ಸಲವೂ ಈ ಸಲ ಬೇಲಿಗೆ ಹೊಡೀತಾರೆ ಅಂತಲೇ ಅನ್ನಿಸುತ್ತೆ.

ಮೂರು ವರ್ಷ ಬಿಟ್ಟು, 1978ರಲ್ಲಿ, ಇದೇ ರಾಬರ್ಟ್ಸ್ ಯುರೋಪಿಗೆ ಹೋಗಿ ಡಾಂಬರು ರೇಸಿನ 500 ಸಿಸಿ ವಿಶ್ವ ಚಾಂಪಿಯನ್ ಆದರು, ಅಮೆರಿಕದಿಂದ ಮೊದಲಿಗರು. ಅಲ್ಲಿಂದ 1993ರವರೆಗಿನ 16 ವರ್ಷಗಳಲ್ಲಿ 13 ಸಲ ಆ ಪಟ್ಟ ಅಮೆರಿಕದವರಿಗೇ ಸಿಕ್ಕಿತು. ಎಲ್ಲರೂ ಮಣ್ಣಿನ ಓವಲ್‌ನಿಂದಲೇ ಬಂದವರು ಅಂತ ನಾನು ಹೇಳೋದಿಲ್ಲ. ಆದರೆ ರಾಬರ್ಟ್ಸ್, ಫ್ರೆಡ್ಡಿ ಸ್ಪೆನ್ಸರ್, ಎಡ್ಡಿ ಲಾಸನ್, ವೇಯ್ನ್ ರೇನಿ ನಾಲ್ವರೂ ಮಣ್ಣಿನಲ್ಲಿ ಪಳಗಿದವರು, ಅವರ ಪಾಲೇ 12. ಆ ಕಾಲದ 500 ಸಿಸಿ ಟೂ-ಸ್ಟ್ರೋಕ್ ಗಾಡಿಗಳು ತಿರುವಿನಲ್ಲಿ ಏಕಾಏಕಿ ಶಕ್ತಿ ಉಗುಳಿ ಹಿಂದಿನ ಟೈರನ್ನು ಜಾರಿಸುತ್ತಿದ್ದವು. ಬೇರೆಯವರಿಗೆ ಅದು ಗಾಬರಿ. ಚಿಕ್ಕ ವಯಸ್ಸಿನಿಂದ ಜಾರಿಕೊಂಡೇ ಬೆಳೆದವರಿಗೆ ಅದೇ ಮಾಮೂಲು. ಆ ಪಟ್ಟಕ್ಕೆ ಈಗ ಮೋಟೊಜಿಪಿ ಅಂತ ಹೆಸರು, ಅದರ 2006ರ ಚಾಂಪಿಯನ್ ನಿಕ್ಕಿ ಹೇಡನ್ ಕೂಡ ಇದೇ ಮಣ್ಣಿನ ಮಗ. ಈಗಂತೂ ಅದೇ ಪಟ್ಟವನ್ನು ಹಲವು ಸಲ ಗೆದ್ದ ವ್ಯಾಲೆಂಟಿನೊ ರೋಸಿ ಇಟಲಿಯ ತವುಲಿಯಾದಲ್ಲಿ ಸ್ವಂತ ಮಣ್ಣಿನ ಟ್ರ್ಯಾಕ್ ಮಾಡಿಸಿ ಹುಡುಗರನ್ನು ತಯಾರು ಮಾಡುತ್ತಿದ್ದಾರೆ. 2014ರ ಜನವರಿಯಲ್ಲಿ ಬಾರ್ಸಿಲೋನಾದಲ್ಲಿ ಒಳಾಂಗಣದ ಮಣ್ಣಿನ ರೇಸ್ ಇಟ್ಟಾಗ, ಆಗಷ್ಟೇ ಮೋಟೊಜಿಪಿ ಗೆದ್ದಿದ್ದ ಮಾರ್ಕ್ ಮಾರ್ಕೆಜ್ ಎದುರು ಗೆದ್ದವರು ಅಮೆರಿಕದ ಫ್ಲ್ಯಾಟ್ ಟ್ರ್ಯಾಕ್ ಚಾಂಪಿಯನ್ ಬ್ರ್ಯಾಡ್ ಬೇಕರ್. ಅದೇ ವರ್ಷ ಡಿಸೆಂಬರ್‌ನಲ್ಲಿ ಮಾರ್ಕೆಜ್ ವಾಪಸ್ ಬಂದು ಗೆದ್ದರು. ಅಂದರೆ ಸುಮ್ಮನೆ ಬಿಡೋ ಮನುಷ್ಯ ಅಲ್ಲ.

ಬೇಕರ್ ವಿಷಯ ಎತ್ತಿದ ಮೇಲೆ ಇದನ್ನೂ ಹೇಳಬೇಕು. 2018ರಲ್ಲಿ ಎಕ್ಸ್ ಗೇಮ್ಸ್ ಅನ್ನೋ ಸಾಹಸ ಕ್ರೀಡಾಕೂಟದ ಅಭ್ಯಾಸದ ವೇಳೆ ಬಿದ್ದು ಅವರ ಬೆನ್ನುಹುರಿಗೆ ಪೆಟ್ಟಾಯಿತು, ಕಾಲುಗಳ ಸ್ವಾಧೀನ ಹೋಯಿತು. ಮಣ್ಣು ಮೆತ್ತಗಿರುತ್ತೆ ಅನ್ನೋದು ನೋಡುವವರ ಭ್ರಮೆ. ನೀರು ಕುಡಿದು, ತುಳಿಸಿಕೊಂಡು, ಒಣಗಿದ ಮಣ್ಣು ಸಿಮೆಂಟಿಗಿಂತ ಕಮ್ಮಿ ಇಲ್ಲ.

ಇನ್ನು ನಮ್ಮೂರು. ಬೆಂಗಳೂರಿನಲ್ಲಿ ಡರ್ಟ್ ಟ್ರ್ಯಾಕ್ ಅಂದರೆ ಓವಲ್ ಅಂತ ಯಾರೂ ಅಂದುಕೊಳ್ಳೋದಿಲ್ಲ, ಮಣ್ಣಿನ ಮೇಲೆ ನಡೆಯೋ ಯಾವ ರೇಸಾದರೂ ಡರ್ಟ್ ರೇಸೇ. ಗುಡ್ಡೆ ಹಾಕಿ ಹಾರಿಸೋ ಸೂಪರ್‌ಕ್ರಾಸ್, ತೋಟದ ದಾರಿಯ ರ‍್ಯಾಲಿ, ಮೈದಾನದಲ್ಲಿ ಕೋನ್ ಇಟ್ಟು ಓಡಿಸೋ ಆಟೋಕ್ರಾಸ್, ಎಲ್ಲಾ ಒಂದೇ ಚೀಲಕ್ಕೆ. ತಪ್ಪೇನಿಲ್ಲ. 2015ರಲ್ಲಿ ಸಾವಿರಾರು ಕಿಲೋಮೀಟರಿನ ಡಕಾರ್ ರ‍್ಯಾಲಿ ಮುಗಿಸಿದ ಮೊದಲ ಭಾರತೀಯ ಸಿ.ಎಸ್. ಸಂತೋಷ್ ಬೆಂಗಳೂರಿನವರು, 36ನೇ ಸ್ಥಾನ. 2019ರಲ್ಲಿ ಮಹಿಳೆಯರ ಬಾಹಾ (ಕಾಡುಮೇಡಿನ ರ‍್ಯಾಲಿ) ವಿಶ್ವಕಪ್ ಗೆದ್ದ ಐಶ್ವರ್ಯಾ ಪಿಸ್ಸೆ ಕೂಡ ಇಲ್ಲಿಯವರೇ. 2024ರಲ್ಲಿ ಸೂಪರ್‌ಕ್ರಾಸ್ ಲೀಗಿನ ಮೊದಲ ಸೀಸನ್ನಿನ ಫೈನಲ್ ಬೆಂಗಳೂರಲ್ಲೇ ಆಯಿತು. ರಾಯಲ್ ಎನ್‌ಫೀಲ್ಡ್‌ನವರು ಹಿಮಾಲಯನ್ ಗಾಡಿಯನ್ನೇ ಬದಲಿಸಿ ಎಫ್‌ಟಿ411 ಅಂತ ಮಾಡಿ, ಸ್ಲೈಡ್ ಸ್ಕೂಲ್ ಹೆಸರಲ್ಲಿ ಜಾರೋದನ್ನು ಕಲಿಸೋಕೆ ಶುರು ಮಾಡಿದ್ದೂ ಈಚೆಗಿನ ಮಾತು. ಹುಚ್ಚಿಗೆ ಕೊರತೆ ಇಲ್ಲ. ಕೊರತೆ ಇರೋದು ನೆಲಕ್ಕೆ. ನಾವು ಕಾಲೇಜಿನಲ್ಲಿದ್ದಾಗ ಗಾಡಿ ಓಡಿಸುತ್ತಿದ್ದ ಖಾಲಿ ಲೇಔಟಿನಲ್ಲಿ ಈಗ ಅಪಾರ್ಟ್‌ಮೆಂಟ್ ಇದೆ, ಅದರ ಕ್ಲಬ್‌ಹೌಸಿನಲ್ಲಿ ಮಕ್ಕಳಿಗೆ ಸ್ಕೇಟಿಂಗ್ ಕ್ಲಾಸು. ಬೆಂಗಳೂರಿನ ರಸ್ತೆಗಳೇ ಡರ್ಟ್ ಟ್ರ್ಯಾಕ್ ಅಲ್ವಾ ಅನ್ನೋ ಜೋಕ್ ದಯವಿಟ್ಟು ಬೇಡ, ವಾರಕ್ಕೆ ನಾಲ್ಕು ಸಲ ಕೇಳುತ್ತೇನೆ.

ನಮಗೆ ನೆಲ ಸಿಕ್ಕಿದ್ದು ದೊಡ್ಡಬಳ್ಳಾಪುರದ ಆಚೆ, ಗೆಳೆಯನ ಅಪ್ಪನ ಜಮೀನಿನಲ್ಲಿ. ರಾಗಿ ಕೊಯ್ಲಾದ ಮೇಲೆ ಒಂದು ಮೂಲೆ ಖಾಲಿ ಇರುತ್ತೆ, ಅಲ್ಲಿ ನೂರೈವತ್ತು ಮೀಟರಿನ ಒಂದು ಸುತ್ತು ಮಾಡಿಕೊಳ್ಳಬಹುದಾ ಅಂತ ಹೆದರಿಕೊಂಡೇ ಕೇಳಿದೆವು. ಅವರು ಕೇಳಿದ ಮೊದಲ ಪ್ರಶ್ನೆ, "ಬ್ರೇಕಿಲ್ಲದ ಗಾಡಿ ಯಾಕ್ರಪ್ಪಾ ಓಡಿಸ್ತೀರಾ?" ಎರಡನೇದು, "ನೆಲ ಹೆಂಗಿರಬೇಕು?"

ಅಮೆರಿಕದ ಟ್ರ್ಯಾಕ್‌ಗಳ ನೆಲ ಒಂದು ದೊಡ್ಡ ವಿದ್ಯೆ. ಜೇಡಿಮಣ್ಣು ಸೇರಿಸಿ, ಟ್ಯಾಂಕರ್‌ನಿಂದ ನೀರು ಹಾಯಿಸಿ, ಒತ್ತಿ ಗಟ್ಟಿ ಮಾಡುತ್ತಾರೆ. ಗಾಡಿಗಳು ಓಡಿ ಓಡಿ ಟೈರಿನ ರಬ್ಬರ್ ಅಂಟಿ ಒಂದು ಕಪ್ಪು ಪಟ್ಟಿ ಹೊಳೆಯೋಕೆ ಶುರುವಾಗುತ್ತೆ, ಅದಕ್ಕೆ ಬ್ಲೂ ಗ್ರೂವ್ ಅನ್ನುತ್ತಾರೆ. ಆ ಪಟ್ಟಿಯ ಮೇಲೆ ಹಿಡಿತ ಜಾಸ್ತಿ, ಒಂದಡಿ ಈಚೆ ಬಂದರೆ ಇಲ್ಲ. ಹೊರಗಡೆ ಸಡಿಲ ಮಣ್ಣಿನ ರಾಶಿ ಉಳಿದರೆ ಅದು ಕುಷನ್. ಒಂದೇ ದಿನದಲ್ಲಿ ಬೆಳಿಗ್ಗೆಯ ಟ್ರ್ಯಾಕ್ ಬೇರೆ, ಸಂಜೆಯ ಟ್ರ್ಯಾಕ್ ಬೇರೆ. ಇದನ್ನೆಲ್ಲ ನಾನು ಫೋನಿನಲ್ಲಿ ಫೋಟೋ ತೋರಿಸುತ್ತಾ ವಿವರಿಸೋಕೆ ಹೊರಟರೆ ಯಜಮಾನರು ನನ್ನ ಮಾತು ತಡೆದು, "ಕಣ ಮಾಡಬೇಕು ಅನ್ನು ಮತ್ತೆ" ಅಂದರು.

ಹೌದಲ್ಲ. ಕಣ! ನೆಲ ಕೆತ್ತಿ, ನೀರು ಚಿಮುಕಿಸಿ, ರೋಣಗಲ್ಲು ಉರುಳಿಸಿ, ಮತ್ತೆ ನೀರು, ಮತ್ತೆ ಕಲ್ಲು. ಮಧ್ಯೆ ಮೇಟಿ ನೆಟ್ಟು ಎತ್ತುಗಳನ್ನು ಸುತ್ತಿಸೋದು. ಈಗ ಅವರ ಊರಲ್ಲಿ ಕಣ ಮಾಡುವವರು ಕಮ್ಮಿ, ರಾಗಿಯನ್ನು ಟಾರ್ ರೋಡಿಗೆ ಹರಡಿ ನಮ್ಮಂಥವರ ಕಾರುಗಳ ಕೈಲೇ ಒಕ್ಕಣೆ ಮಾಡಿಸುತ್ತಾರೆ. ರೋಣಗಲ್ಲು ಕೊಟ್ಟಿಗೆ ಪಕ್ಕ ಸುಮ್ನೆ ಬಿದ್ದಿತ್ತು. ಅದನ್ನು ಟ್ರ್ಯಾಕ್ಟರ್‌ಗೆ ಕಟ್ಟಿ ಎರಡು ದಿನ ಎಳೆಸಿದರು. ಸಗಣಿಯಲ್ಲಿ ಸಾರಿಸೋಣ್ವಾ ಅಂತಲೂ ಕೇಳಿದರು, ನಾವೇ ಬೇಡ ಅಂದೆವು. ಆ ಕೆಂಪು ನೆಲ ಎಷ್ಟು ಚೆನ್ನಾಗಿ ಬಂತು ಅಂದರೆ ಅದರ ಮೇಲೆ ಗಾಡಿ ಓಡಿಸೋಕೇ ಮನಸ್ಸು ಬರಲಿಲ್ಲ.

ಗಾಡಿ, ಹಳೇ ಹೀರೋ ಹೋಂಡಾ ಕಾಲದ್ದಲ್ಲ, 2011ರಲ್ಲಿ ಬಂದ ಹೀರೋ ಇಂಪಲ್ಸ್. ಆರ್‌ಎಕ್ಸ್100 ಸಿಗುತ್ತೆ, ಆದರೆ ಅದಕ್ಕೆ ಈಗ ಕೇಳೋ ರೇಟಿಗೆ ಬೀಳಿಸೋಕೆ ಧೈರ್ಯ ಬೇಕು. ಇಂಪಲ್ಸ್‌ನ ಮುಂದಿನ ಬ್ರೇಕ್ ಲಿವರ್ ಬಿಚ್ಚಿಟ್ಟೆವು. ಹೆಲ್ಮೆಟ್, ಬೆನ್ನಿಗೆ ಗಾರ್ಡ್, ಮಂಡಿಗೆ ಗಾರ್ಡ್, ಎಡಗಾಲಿಗೆ ಜೆ.ಸಿ. ರಸ್ತೆಯ ಲಾಳ. ಲಾಳ ಕಟ್ಟಿಕೊಂಡು ನಡೆದರೆ ಒಂದು ಕಾಲು ಟಣ್, ಒಂದು ಕಾಲು ಸದ್ದಿಲ್ಲ. ಹಳ್ಳಿ ಮಕ್ಕಳಿಗೆ ರೇಸಿಗಿಂತ ಅದೇ ಜಾಸ್ತಿ ಇಷ್ಟ ಆಯಿತು.

ಕೇಳೋಕೆ ಸುಲಭ. ತಿರುವಿಗೆ ಬರುವಾಗ ಆಕ್ಸಿಲರೇಟರ್ ಬಿಡು, ಗಾಡಿಯನ್ನು ಎಡಕ್ಕೆ ಒತ್ತು, ಮೈ ನೆಟ್ಟಗಿರಲಿ, ಹೊರ ಮೊಣಕೈ ಮೇಲಿರಲಿ, ಹಿಂದಿನ ಚಕ್ರ ಜಾರಿದ ತಕ್ಷಣ ಆಕ್ಸಿಲರೇಟರ್ ಕೊಡು. ಕೊಡು ಅನ್ನೋದೇ ಕಷ್ಟ. ಇಪ್ಪತ್ತು ವರ್ಷ ಈ ಊರಲ್ಲಿ ಗಾಡಿ ಓಡಿಸಿದ್ದೇನೆ, ಮೆಟ್ರೋ ಕೆಲಸದ ಜಲ್ಲಿ, ಮಳೆಯಲ್ಲಿ ಮ್ಯಾನ್‌ಹೋಲ್ ಮುಚ್ಚಳ, ಎಲ್ಲೇ ಹಿಂದಿನ ಚಕ್ರ ಜಾರಿದರೂ ಬಲಗೈ ತಾನಾಗಿ ಆಕ್ಸಿಲರೇಟರ್ ಬಿಡುತ್ತದೆ. ಇಲ್ಲಿ ಬಿಟ್ಟರೆ ಜಾರುತ್ತಿದ್ದ ಟೈರಿಗೆ ಥಟ್ಟನೆ ಹಿಡಿತ ಸಿಕ್ಕಿ ಗಾಡಿ ನಮ್ಮನ್ನು ಬಲಗಡೆಗೆ ಎತ್ತಿ ಎಸೆಯುತ್ತದೆ. ಎರಡನೇ ಭಾನುವಾರ ಹಾಗೇ ಆಯಿತು. ಮೇಲೆ ಹೋದದ್ದು ನೆನಪಿದೆ, ಆಕಾಶ, ತೆಂಗಿನ ಮರ, ಆಮೇಲೆ ಹುಣಸೆ ಮರ, ಆಮೇಲೆ ಮಣ್ಣು. ಬಲ ಭುಜದ ಮೂಳೆ ಬಿರುಕು ಬಿಟ್ಟು ಆರು ವಾರ ಕೈ ಕಟ್ಟಿಕೊಂಡು ಓಡಾಡಿದೆ. ಆಫೀಸಿನಲ್ಲಿ ಬಾತ್‌ರೂಮಿನಲ್ಲಿ ಜಾರಿದೆ ಅಂತ ಹೇಳಿದ್ದೆ. ಈಗ ಇದನ್ನು ಓದಿ ಗೊತ್ತಾಗುತ್ತೆ, ಆಗಲಿ ಬಿಡಿ.

ಏಪ್ರಿಲ್‌ನಲ್ಲಿ ಮತ್ತೆ ಹೋದೆ. ಮನೆಯಲ್ಲಿ ಎರಡು ದಿನ ಮಾತು ಬಂದ್ ಆಗಿತ್ತು, ಅದರ ವಿವರ ಬೇಡ. ಆ ದಿನ ಏಳನೇ ಸುತ್ತಿಗೋ ಎಂಟನೇ ಸುತ್ತಿಗೋ ಒಂದು ತಿರುವಿನಲ್ಲಿ ಹಿಂದಿನ ಚಕ್ರ ಜಾರಿತು, ಕೈ ಬಿಡಲಿಲ್ಲ, ಇನ್ನೂ ಒಂಚೂರು ಕೊಟ್ಟೆ, ಹ್ಯಾಂಡಲ್ ತಾನಾಗಿ ಬಲಕ್ಕೆ ಹೊರಳಿತು, ಲಾಳ ನೆಲದ ಮೇಲೆ ಸರ್ರಂತ ಎಳೆದ ಸದ್ದು ಹೆಲ್ಮೆಟ್ ಒಳಗೂ ಕೇಳಿಸಿತು, ಇಡೀ ಗಾಡಿ ಅಡ್ಡಡ್ಡವಾಗಿ ತೇಲಿಕೊಂಡು ತಿರುವಿನಿಂದ ಆಚೆ ಬಂತು. ಎರಡು ಸೆಕೆಂಡ್ ಇರಬಹುದು. ಗಂಟೆಗೆ ನಲವತ್ತು ಕಿಲೋಮೀಟರೂ ಇರಲಿಲ್ಲ, ಸ್ಪ್ರಿಂಗ್‌ಫೀಲ್ಡ್‌ನವರು ನೋಡಿದರೆ ನಕ್ಕು ಸಾಯುತ್ತಾರೆ. ನಾನು ಹೆಲ್ಮೆಟ್ ಒಳಗೆ ಒಬ್ಬನೇ ಕಿರುಚಿಕೊಂಡೆ.

ನೋಡೋಕೂ ಇದರಷ್ಟು ಸುಖ ಬೇರೆ ರೇಸಿನಲ್ಲಿ ಇಲ್ಲ ಅಂತ ನನ್ನ ವಾದ. ಮೋಟೊಜಿಪಿಯಲ್ಲಿ ಗಾಡಿ ಒಂದು ಸಲ ನಿಮ್ಮ ಮುಂದೆ ಹೋದರೆ ಮತ್ತೆ ಬರೋಕೆ ಒಂದೂವರೆ ನಿಮಿಷ. ಅಷ್ಟರಲ್ಲಿ ಯಾರು ಯಾರನ್ನು ದಾಟಿದರು ಅಂತ ಸ್ಕ್ರೀನ್ ನೋಡಬೇಕು. ಇಲ್ಲಿ ಇಡೀ ಕಣ ಕಣ್ಣ ಮುಂದೆ. ತಪ್ಪು ಮಾಡಿದವನು ಯಾರು, ಹೆದರಿದವನು ಯಾರು, ಒಳಗಿನ ದಾರಿ ಬಿಟ್ಟು ಹೊರಗಿನ ಸಡಿಲ ಮಣ್ಣಿಗೆ ಹೋಗಿ ಪಣ ಇಟ್ಟವನು ಯಾರು, ಎಲ್ಲಾ ಕಾಣುತ್ತೆ. ಯಜಮಾನರು ಬದುವಿನ ಮೇಲೆ ಕೂತು ಮೂರೇ ಭಾನುವಾರದಲ್ಲಿ ನಮ್ಮ ಐದು ಜನರಲ್ಲಿ ಯಾರು ಯಾವ ತಿರುವಿನಲ್ಲಿ ಕೈ ಬಿಡುತ್ತಾರೆ ಅಂತ ಸರಿಯಾಗಿ ಹೇಳುತ್ತಿದ್ದರು. ಅವರು ಜೀವನದಲ್ಲಿ ಟಿವಿಎಸ್ ಎಕ್ಸ್‌ಎಲ್ ಬಿಟ್ಟು ಬೇರೆ ಗಾಡಿ ಓಡಿಸಿದವರಲ್ಲ.

ಜುಲೈನಲ್ಲಿ ಮಳೆ ಬಿತ್ತು, ಟ್ರ್ಯಾಕಿನ ಮೇಲೆ ನೇಗಿಲು ಹೋಯಿತು. ಈಗ ಅಲ್ಲಿ ರಾಗಿ ಪೈರು ಮಂಡಿಯುದ್ದ ಇದೆ. ಹೋದ ವಾರ ಬಿಡುವಿತ್ತು ಅಂತ ಸವೆದ ಲಾಳವನ್ನು ಜೆ.ಸಿ. ರಸ್ತೆಗೆ ತೆಗೆದುಕೊಂಡು ಹೋದೆ. ಅಡಿಗೆ ಗಟ್ಟಿ ವೆಲ್ಡಿಂಗ್ ಪದರ ಮತ್ತೆ ಕೂರಿಸಬೇಕಿತ್ತು. ಮೇಸ್ತ್ರಿ ಕನ್ನಡಕ ಹಣೆಗೇರಿಸಿ ಸವೆದ ಜಾಗವನ್ನು ಹೆಬ್ಬೆರಳಿನಿಂದ ಸವರಿ ನೋಡಿದರು.

"ಹಿಮ್ಮಡಿ ಕಡೆ ಜಾಸ್ತಿ ತಿಂದಿದೆ ಸಾರ್. ಮುಂದೆ ಹೊಸದರ ಹಾಗೇ ಇದೆ."

"ಹಾಗಂದ್ರೆ?"

"ನೀವು ಜಾರ್ತಾ ಇಲ್ಲ, ಕಾಲೂರಿ ನಿಲ್ತಾ ಇದೀರ."

ವಿಡಿಯೋ ತೋರಿಸಿದೆ. ಅವರೂ, ಲೇತ್ ಅಂಗಡಿಯವರೂ ತಲೆ ಜೋಡಿಸಿ ನೋಡಿದರು, ನಿಲ್ಲಿಸಿ ನಿಲ್ಲಿಸಿ ನೋಡಿದರು. ಹೌದು, ಹಿಮ್ಮಡಿ. ಈ ಸಲ ಮುಂದಿನ ಬಾಗು ಸ್ವಲ್ಪ ಜಾಸ್ತಿ ಮಾಡಿ ಕೊಡ್ತೀನಿ, ಗುರುವಾರ ಬನ್ನಿ ಅಂದರು. ಮುನ್ನೂರು ರೂಪಾಯಿ.